ಬಿರುಬಿಸಿಲಿನಲ್ಲಿ ನಾನು ತರಿಸಿದ ಮಳೆ

ಮೊನ್ನೆ ನರಗುಂದದ ಚಪ್ಪಲಿ ಅಂಗಡಿಯೊಂದರಲ್ಲಿ ಮಾಲೀಕ ಹೊಸ ಜೋಡಿಯೊಂದಕ್ಕೆ ಕೊಬ್ಬರಿ ಎಣ್ಣೆ ಸವರುತ್ತ ಕೂತಿದ್ದ. ತೊಗಲು ಮತ್ತು ಕೊಬ್ಬರಿ ಎಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗೋಡೆಯಾಚೆಯ ಮನೆಯ ಅಕ್ಕ ನೆನಪಾದಳು. ಚಪ್ಪಲಿ ಅಂಗಡಿಯಲ್ಲಿ ನಿನ್ನ ನೆನಪಾಯಿತು ಎಂದು ಯಾವ ಹೆಂಗಸಿಗೂ ಹೇಳಬಾರದು. ಅವಳಿಗೆ ಹೇಳಿದ್ದರೆ ನಗುತ್ತಿದ್ದಳು.

ಗಜೇಂದ್ರಗಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಸಂಜೆಯಾದರೆ ಅಕ್ಕ ಕಟ್ಟೆಯ ಮೇಲೆ ಕೂತು ಚೆಂಡು ಹಿಡಿಯುವ ತೊಗಲಿನ ಗ್ಲೌಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳ ತಲೆ ಎಣ್ಣೆ ಕಂಡು ತಿಂಗಳಾಗಿರುತ್ತಿತ್ತು, ಗ್ಲೌಸಿಗೆ ಮಾತ್ರ ದಿನಾ ಅಭ್ಯಂಜನ.

“ಅದಕ್ಕ ಹಚ್ಚೂದರಾಗ ಅರ್ಧಾ ನಿನ್ನ ತಲಿಗೆ ಹಚ್ಚಗೋ. ನೋಡಾಕ ಬಂದ ಗಂಡುಗೋಳು ಓಡಿ ಹೊಕ್ಕಾವು” ಎಂದು ಅವಳವ್ವ ಒಳಗಿನಿಂದ ಕೂಗುತ್ತಿದ್ದಳು.

“ಓಡ್ಲಿ ಬಿಡವ್ವಾ. ಚಲೋ ಓಡಿದ್ರ ನಮ್ಮ ಟೀಮಿಗೆ ತಗೋತೇನಿ.”

ಆ ಟೀಮು ಸಾಫ್ಟ್‌ಬಾಲ್ ಟೀಮು. ನಮ್ಮೂರಿಗೆ ಬರುತ್ತಿದ್ದ ಆಟಗಳು ಎರಡೇ, ಕ್ರಿಕೆಟ್ಟು ಮತ್ತು ಪರರ ಮನೆಯ ಸುದ್ದಿ. ಅಕ್ಕ ಚೆಂಡನ್ನು ಕೈ ಕೆಳಗಿನಿಂದ ಬೀಸಿ ಒಗೆಯುತ್ತಿದ್ದಳು, ಆ ಆಟದ ರೀತಿಯೇ ಹಾಗೆ. ಊರ ಕಟ್ಟೆಯ ಪಂಡಿತರು “ಕೈ ಎತ್ತಾಕ ಬರೂದಿಲ್ಲ, ಅದೇನ ಆಟಾ?” ಎಂದು ಎಲೆ ಅಡಿಕೆ ಉಗುಳುತ್ತಿದ್ದರು. ಅವಳು ಒಗೆದದ್ದನ್ನು ಅವರಲ್ಲಿ ಒಬ್ಬನಾದರೂ ಕಣ್ಣಿನಿಂದ ಕಂಡಿದ್ದನೋ ಇಲ್ಲವೋ... ನಾನೊಮ್ಮೆ ಹಿಡಿಯಲು ಹೋಗಿ ಎರಡು ದಿನ ಎಡಗೈಯಿಂದ ಉಂಡೆ.

ಊರಿನ ಹುಡುಗಿಯರನ್ನೂ ಲಕ್ಕಲಕಟ್ಟಿಯಿಂದ ಬಸ್ಸಿಗೆ ಬರುವ ಹುಡುಗಿಯರನ್ನೂ ಕಟ್ಟಿಕೊಂಡು ಅವಳು ಮುಂಜಾನೆ ಸಾಲಿ ಮೈದಾನದಲ್ಲಿ ಕಲಿಸುತ್ತಿದ್ದಳು. ಬಿಸಿಲೇರುವ ಮೊದಲೇ ಕ್ರಿಕೆಟ್ ಗಂಡುಗಲಿಗಳು ಬಂದು “ಏಳ್ರೇ” ಎನ್ನುತ್ತಿದ್ದರು. ಅಕ್ಕನ ಆಸೆ ಒಂದೇ. ಮುಂಜಾನೆ ಹೊತ್ತು ಆ ಮೈದಾನ ಹುಡುಗಿಯರದಾಗಬೇಕು, ಯಾರೂ ಎಬ್ಬಿಸಬಾರದು. ಅದನ್ನು ಕೊಡುವ ಅಧಿಕಾರ ಸಾಲಿಯ ಆಡಳಿತ ಮಂಡಳಿಯ ಅಧ್ಯಕ್ಷರಾದ, ಕಾಳುಕಡಿಯ ಅಡತಿ ಅಂಗಡಿಯ ಸಾಹುಕಾರರ ಕೈಯಲ್ಲಿತ್ತು. ಅವರು ಅವಳಿಗೆ ಎರಡು ವರ್ಷ “ನೋಡೂಣವಾ” ಎಂದಿದ್ದರು. ಮೂರನೆಯ ವರ್ಷ ಅಕ್ಕ ದೇಶದ ತಂಡಕ್ಕೆ ಆಯ್ಕೆಯಾದಳು. ಹತ್ತಾರು ದೇಶಗಳು ಹತ್ತಾರು ಆಟ ಆಡುವ ದೊಡ್ಡ ಕ್ರೀಡಾಕೂಟ, ಹೊರದೇಶದಲ್ಲಿ. ಸಾಹುಕಾರರಿಗೆ ಆಗ ಒಮ್ಮಿಂದೊಮ್ಮೆ ಸಾಫ್ಟ್‌ಬಾಲಿನ ಮೇಲೆ ಪ್ರೀತಿ ಉಕ್ಕಿತು.

ಬಸ್ ಸ್ಟ್ಯಾಂಡಿನೆದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ಸಾಹುಕಾರರ ಮುಖ ಚಕ್ಕಡಿಯ ಗಾಲಿಯಷ್ಟು, ಅಕ್ಕನದು ಅಂಗಿಯ ಗುಂಡಿಯಷ್ಟು. ಸತ್ಕಾರ ಸಮಾರಂಭದಲ್ಲಿ ಅವರು ಮೈಕು ಹಿಡಿದು, “ಈ ನಮ್ಮ ಮಗಳು ತಮ್ಮ ಜ್ವಾಳದ ಹೊಲದಾಗ ಹಕ್ಕಿ ಕಾಯಕೋತ, ಕವಣಿ ಬೀಸಿ ಬೀಸಿ ಈ ಆಟಾ ಕಲತಾಳ!” ಎಂದರು. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಅಕ್ಕ ಆಟ ಕಲಿತದ್ದು ಕಾಲೇಜು ಹಾಸ್ಟೆಲಿನ ಹಿಂದಿನ ಗೋಡೆಗೆ ಚೆಂಡು ಒಗೆದು. ಅವಳಪ್ಪ ಪರರ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಮನೆಗೆ ಬಂದವಳೇ ನನ್ನೆದುರು ಹೊಟ್ಟೆ ಹಿಡಿದು ನಕ್ಕಳು. “ಭಾಷಣದಾಗರ ನಮ್ಮಪ್ಪಗ ಒಂದ ಹೊಲಾ ಕೊಟ್ರಲ್ಲೋ!”

ಆದರೆ ಅದೇ ಭಾಷಣದ ಕೊನೆಗೆ ಸಾಹುಕಾರರು, “ಗೆದ್ದ ಬಾರವಾ, ಮೈದಾನ ನಿನ್ನ ಹುಡಿಗ್ಯಾರದು” ಎಂದುಬಿಟ್ಟಿದ್ದರು. ಆ ಮಾತಿಗೆ ಮಾತ್ರ ಅವಳು ನಕ್ಕಿರಲಿಲ್ಲ.

ಪಂದ್ಯದ ದಿನ ಸಾಹುಕಾರರು ಅಡತಿ ಅಂಗಡಿಯ ಮುಂದೆ ದೊಡ್ಡ ಪರದೆ ಕಟ್ಟಿಸಿದರು. ಕಾಮೆಂಟರಿಗೆ ನಾನು. ನಾನಾಗ ಕಾಲೇಜು ಹುಡುಗ. ಸಾಹುಕಾರರ ಕೆಮ್ಮು, ಹೆಡ್ ಮಾಸ್ತರರ ಮೂಗಿನ ಮಾತು, ಕಂಡಕ್ಟರನ ಸೀಟಿ, ಯಾವುದು ಬೇಕಾದರೂ ಮಾಡಿ ತೋರಿಸುತ್ತಿದ್ದೆ. ನಕಲಿ ಮಾಡಲು ಬರುವವನಿಗೆ ಎಲ್ಲವೂ ತಿಳಿದಿರುತ್ತದೆ ಎಂದು ಊರು ನಂಬಿತ್ತು, ನಾನೂ ನಂಬಿದ್ದೆ. ಸಾಫ್ಟ್‌ಬಾಲಿನ ನಿಯಮ ನನಗೆ ಒಂದೂ ತಿಳಿದಿರಲಿಲ್ಲ.

ಅಕ್ಕ ಕೈ ಬೀಸಿದಳು. ಚೆಂಡು ಬೇಲಿ ದಾಟಿ ಹಾರಿತು. ನಾನು ಟಿ.ವಿ.ಯವರ ದನಿಯಲ್ಲಿ “ಸಿಕ್ಸರ್!” ಎಂದು ಅರಚಿದೆ. ಸೀಟಿ, ಚಪ್ಪಾಳೆ, ಸಾಹುಕಾರರು ಎದ್ದು ನಿಂತು ಕೈ ಮುಗಿದರು. ಹಿಂದಿನಿಂದ ಯಾರೋ ಕೂಗಿದರು. “ಲೇ ಮಂಗ್ಯಾ, ಹೊಡದಾಕಿ ನಮ್ಮಾಕಿ ಅಲ್ಲಲೇ!”

ಅಂಥ ಸಿಕ್ಸರುಗಳು ಮತ್ತಷ್ಟು ಬಂದವು, ಎಲ್ಲವೂ ಎದುರಿನವರವೇ. ಆಟ ಅರ್ಧಕ್ಕಿಂತ ತುಸು ಮುಂದೆ ಹೋಗಿತ್ತು, ಅಷ್ಟರಲ್ಲಿ ಎರಡೂ ಕಡೆಯವರು ಸಾಲಾಗಿ ನಿಂತು ಕೈ ಕುಲುಕಿ ಹೊರಗೆ ನಡೆದರು. ಊರು ನನ್ನ ಮುಖ ನೋಡಿತು.

“ಯಾಕ ನಿಂತತೋ?” ಎಂದರು ಸಾಹುಕಾರರು.

“ಮಳೀರಿ” ಎಂದೆ. ಬಾಯಿಗೆ ಬಂದದ್ದು ಅದೇ.

ಪರದೆಯ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆಟಗಾರ್ತಿಯರು ಹಣೆಗೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದರು. ಆದರೂ ಊರು ನಂಬಿತು! ಹುಬ್ಬಳ್ಳಿಯ ಆಚೆ ಕಾಲಿಡದ ಚಹಾದಂಗಡಿಯವ, “ಆ ದೇಶದಾಗ ಹಂಗ. ಬಿಸಿಲಾಗ ಮಳಿ ಬೀಳತೈತಿ” ಎಂದು ಸಾಕ್ಷಿ ಹೇಳಿದ. ಮುಂದಿನ ಪಂದ್ಯವೂ ಹಾಗೆಯೇ ನಡುವೆ ನಿಂತಿತು. ಈ ಸಲ ಯಾರೂ ನನ್ನನ್ನು ಕೇಳಲಿಲ್ಲ. “ಮತ್ತ ಬಂತ ನೋಡ ಹಾಳಾದ ಮಳಿ” ಎಂದು ಸಾಹುಕಾರರೇ ಆಕಾಶಕ್ಕೆ ಬೈದರು, ನಮ್ಮೂರಿನ ಆಕಾಶಕ್ಕೆ. ನಮ್ಮ ತಂಡ ಮನೆಗೆ ಹೊರಟಿತು.

ಸಾಹುಕಾರರಿಗೆ ಆ ಮಳೆ ಬೇಕಾಗಿತ್ತು. ಇಲ್ಲದಿದ್ದರೆ ಆ ಫ್ಲೆಕ್ಸಿನ ಮುಖವನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದರು? ಅಕ್ಕ ಬರುವ ಹೊತ್ತಿಗೆ ಇನ್ನೊಂದು ಸಮಾರಂಭ ಗೊತ್ತಾಗಿತ್ತು. ನಾನು ಬಸ್ ಸ್ಟ್ಯಾಂಡಿನಲ್ಲೇ ಅವಳನ್ನು ಹಿಡಿದೆ. “ಅಕ್ಕಾ, ಮಳಿ ಬಂದು ಆಟ ನಿಂತತು ಅಂತ ಊರಿಗೆ ಹೇಳೇನಿ. ಸ್ಟೇಜಿನ ಮ್ಯಾಲ ಸುಮ್ಮನ ಹೂಂ ಅನ್ನು. ಮೈದಾನ ಕೊಡ್ತಾರ.”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮಳಿದೂ ನಕಲಿ ಮಾಡಾಕ ಕಲತಿ ಏನೋ?” ಎಂದು ಚೀಲ ನನ್ನ ಹೆಗಲಿಗೆ ಹಾಕಿದಳು.

ವೇದಿಕೆಯ ಮೇಲೆ ಸಾಹುಕಾರರು ಶಾಲು ಬಿಚ್ಚಿ ಹಿಡಿದು, “ಮಳಿ ಬರದಿದ್ರ ನಮ್ಮ ಮಗಳು ಗೆದ್ದ ಬರ್ತಿದ್ಲು. ಹೌದಲ್ಲವಾ?” ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು. ಅವಳ ಹುಡುಗಿಯರೆಲ್ಲ ಕೆಳಗೆ ಜಮಖಾನೆಯ ಮೇಲೆ ಕೂತಿದ್ದರು. ಅಕ್ಕ ಅವರತ್ತ ನೋಡಿದಳು. ನಾನು ಜನರ ಹಿಂದಿನಿಂದ ತಲೆಯಾಡಿಸಿ ಹೂಂ ಅನ್ನು, ಹೂಂ ಅನ್ನು ಎಂದು ಸನ್ನೆ ಮಾಡಿದೆ.

“ಮಳಿ ಬಂದಿದ್ದಿಲ್ರೀ” ಎಂದಳು. “ರನ್ನಿನಾಗ ಭಾಳ ಹಿಂದ ಬಿದ್ರ ಅಲ್ಲಿಗೇ ಆಟ ಮುಗಸ್ತಾರ, ನಿಯಮಾನ ಹಂಗೈತಿ. ನಮ್ಮನ್ನ ಎರಡೂ ಸಲ ಹಂಗ ಮುಗಿಸಿ ಕಳಿಸಿದ್ರು. ನಾ ಒಗದದ್ದನ್ನ ಹೊಡದ್ರು, ಚಲೋ ಹೊಡದ್ರು. ಅವರ ದೇಶದಾಗ ಆ ಹುಡಿಗ್ಯಾರ್ನ ಮೈದಾನದಿಂದ ಯಾರೂ ಎಬ್ಬಸೂದಿಲ್ರೀ.”

ಸಾಹುಕಾರರ ಮುಖದಲ್ಲಿ ನಗೆ ಹಾಗೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ. “ಸೋತ ಬಂದವ್ರಿಗೆ ಮೈದಾನ ಯಾಕ ಬೇಕವಾ?”

“ಸೋತವ್ರಿಗೇ ಬೇಕ್ರೀ.”

ಜನ ನಕ್ಕರು. ಬಿಚ್ಚಿದ ಶಾಲನ್ನು ಏನು ಮಾಡುವುದೆಂದು ತಿಳಿಯದೆ ಸಾಹುಕಾರರು ತಾವೇ ಹೊದ್ದುಕೊಂಡರು. ಊರು ಅದಕ್ಕೂ ಚಪ್ಪಾಳೆ ತಟ್ಟಿತು.

ಸಂಜೆ ಕಟ್ಟೆಯ ಮೇಲೆ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಒಂದು ಹೂಂ, ಒಂದೇ ಒಂದು ಹೂಂ! ಅವಳು ಎಲ್ಲ ಕೇಳಿಸಿಕೊಂಡು, “ನಾಳೆ ಆ ಹುಡಿಗ್ಯಾರಿಗೆ ಏನಂತ ಕಲಸ್ಲಿ? ಹೊಡತಾ ಬಿದ್ರ ಮಳಿ ಬಂತನ್ರಿ ಅಂತನ?” ಎಂದಳು. ಇವತ್ತಿಗೂ ಅರ್ಧ ಮನಸ್ಸು ಅವಳನ್ನು ಹುಚ್ಚಿ ಎನ್ನುತ್ತದೆ. ಇನ್ನರ್ಧ... ಇರಲಿ.

ಮೈದಾನ ಸಿಗಲಿಲ್ಲ. ಮರುವಾರವೇ ಮುಂಜಾನೆಯ ಹೊತ್ತೂ ಕ್ರಿಕೆಟ್ಟಿನವರಿಗೆ ಹೋಯಿತು. ಹುಡುಗಿಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಅಕ್ಕ ಕೆಲವು ದಿನ ಒಬ್ಬಳೇ ಹೋಗಿ ಬದಿಗೆ ನಿಂತು ಬಂದಳು. ಆಮೇಲೆ ದೂರದ ಜಿಲ್ಲೆಯೊಂದರ ಸಾಲಿಯಲ್ಲಿ ಆಟ ಕಲಿಸುವ ಕೆಲಸ ಸಿಕ್ಕಿತೆಂದು ಹೋದಳು. ಅವ್ವನನ್ನೂ ಅಪ್ಪನನ್ನೂ ಕರೆಸಿಕೊಂಡಳು. ಫೋನ್ ನಂಬರು ಬದಲಾಯಿತು. ನನಗೆ ಹೊಸದನ್ನು ಕೊಡಲಿಲ್ಲ.

ಈಗ ಆ ಮೈದಾನದಲ್ಲಿ ವರ್ಷಕ್ಕೊಮ್ಮೆ ಸಾಹುಕಾರರ ತಂದೆಯವರ ಹೆಸರಿನ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತದೆ. ಕಾಮೆಂಟರಿಗೆ ನಾನೆಂಬ ಪುಣ್ಯಾತ್ಮನೇ. ಊಟ ಕೊಡುತ್ತಾರೆ, ಚಲೋ ಇರುತ್ತದೆ, ಉಣ್ಣುತ್ತೇನೆ.

ನಿನ್ನೆ ರೋಣದ ಔಷಧಿ ಅಂಗಡಿಯೊಂದರಲ್ಲಿ ಗುಳಿಗೆ ಕೊಡುತ್ತಿದ್ದ ಹುಡುಗಿ ನನ್ನ ಗುರುತು ಹಿಡಿದಳು. ಅಕ್ಕನ ಚೆಂಡನ್ನು ಹಿಡಿಯುತ್ತಿದ್ದ ಲಕ್ಕಲಕಟ್ಟಿಯ ಹುಡುಗಿ.

“ಅಕ್ಕಾರು ತಿರುಗಿ ಬರ್ತಾರೇನ್ರಿ?” ಎಂದಳು.

ನಾನು ಸಾಹುಕಾರರ ಹಾಗೆ ಹೊಟ್ಟೆ ಮುಂದೆ ಮಾಡಿ, ಕೆಮ್ಮಿ, “ನೋಡೂಣವಾ” ಎಂದೆ. ಎಲ್ಲರೂ ನಗುವ ಪಾರ್ಟು ಅದು. ಅವಳು ನಗಲಿಲ್ಲ.

“ನಿಮ್ಮ ದನಿಲೆ ಹೇಳ್ರಿ” ಎಂದಳು.

ಹಿಂದೆ ಗಿರಾಕಿಗಳು ನಿಂತಿದ್ದರು. ನಾನು ಗುಳಿಗೆಯ ಚೀಟಿ ಜೇಬಿಗಿಟ್ಟುಕೊಂಡೆ.

“ಬರೂದಿಲ್ಲ” ಎಂದೆ.