ವರ್ನಾ ಬರೆದುಕೊಟ್ಟ ದಕ್ಕೆ

ಅಮೆರಿಕದ ಮೇನ್ ಕರಾವಳಿಯ ಆ ಕೊಲ್ಲಿಯಲ್ಲಿ ವರ್ನಾ ಪಿಂಕಮ್‌ಳನ್ನು ಹೆದರಿಸಿದವರಿಲ್ಲ. ಗಂಡ ಸತ್ತ ಮೇಲೂ ಕಡಲಿನಿಂದ ಲಾಬ್‌ಸ್ಟರ್ ಹಿಡಿಯುವ ಬೋನು ಎಳೆದೇ ಬದುಕಿದವಳು. ಅವಳು ಹೆದರಿದ್ದು ಎರಡಕ್ಕೆ: ಗಂಡನ ಕೊನೆಗಾಲದಲ್ಲಿ ಅವನ ಉಳಿತಾಯವನ್ನೆಲ್ಲ ನುಂಗಿ ನೀರು ಕುಡಿದ ವೃದ್ಧರ ಆರೈಕೆಮನೆಗೆ, ಮತ್ತು ಕುಡುಕ ಮಗ ಎಲ್ಡನ್‌ನ ಕಣ್ಣೀರಿಗೆ.

ಅದಕ್ಕೇ ಮನೆಯನ್ನೂ ಅದರ ಮುಂದೆ ದೋಣಿ ಕಟ್ಟುವ ದಕ್ಕೆಯನ್ನೂ ಟ್ರಸ್ಟಿಗೆ ಬರೆದಳು. ತನ್ನ ಕಾಲದ ನಂತರ ಎಲ್ಲವೂ ಮಗಳು ರೋಂಡಾಳಿಗೆ. ಎಲ್ಡನ್‌ಗೆ ಚೂರೂ ಇಲ್ಲ.

"ಬೇಕಾದಾಗ ರದ್ದು ಮಾಡೋ ಥರದ ಟ್ರಸ್ಟೂ ಇದೆ, ವರ್ನಾ," ಎಂದಿದ್ದ ವಕೀಲ. "ಅದಾದ್ರೆ ಆಸ್ತಿ ನಿಮ್ಮ ಕೈಯಲ್ಲೇ ಇರುತ್ತೆ. ಆದ್ರೆ ನಾಳೆ ನೀವು ಆರೈಕೆಮನೆ ಸೇರಿದ್ರೆ ಅವರೂ ಅದನ್ನ ನಿಮ್ಮದೇ ಅಂತ ಖರ್ಚಿಗೆ ಹಿಡೀತಾರೆ. ರದ್ದಾಗದ್ದಕ್ಕೆ ಸಹಿ ಹಾಕಿದ್ರೋ, ಮುಗೀತು, ಆಮೇಲೆ ಅದು ನಿಮ್ಮದಲ್ಲ."

"ಅದೇ ಬೇಕು. ಆ ಹುಡುಗ ಬಂದು ಅತ್ರೆ ನಾನು ಕರಗಿಬಿಡ್ತೀನಿ. ಕರಗಿದ್ರೂ ಏನೂ ಮಾಡೋಕಾಗಬಾರದು. ಹಾಗೆ ಬರೀರಿ."

ತಾಯಿಯೊಬ್ಬಳು ತನ್ನ ಕರುಳಿಗೇ ಬೀಗ ಜಡಿಸಿಕೊಂಡಳು. ವಕೀಲ ಇದನ್ನು ಜಾಣತನ ಎಂದ! ಸಿಟ್ಟಿನಲ್ಲಿ ಆಡಿದ ಮಾತನ್ನು ನಾಳೆ ನುಂಗಿಕೊಳ್ಳಬಹುದು. ಸಿಟ್ಟಿನಲ್ಲಿ ಹಾಕಿದ ಸಹಿಯನ್ನು ಯಾವ ಬಾಯಿ ನುಂಗೀತು?

ಸಹಿಯಾದ ಮೇಲೆ ಎಲ್ಡನ್ ಕುಡಿತ ಬಿಟ್ಟ. ಬಂದು ಅವಳ ದೋಣಿ ಹತ್ತಿದ. ಬೋನಿಗೆ ಎರೆಯಾಗಿ ಹಾಕುವ ಹೆರಿಂಗ್ ಮೀನಿನ ನಾತವನ್ನೆಲ್ಲ ತಾನೇ ಬಳಿದುಕೊಂಡು, ಚುಕ್ಕಾಣಿಯನ್ನಷ್ಟೇ ಅವಳಿಗೆ ಬಿಟ್ಟ. ವರ್ನಾ ಟ್ರಸ್ಟಿನ ವಿಷಯ ಹೇಳಲಿಲ್ಲ. ನಾಳೆ ಹೇಳೋಣ, ಈ ಸುಗ್ಗಿ ಕಳೆಯಲಿ ಎನ್ನುತ್ತ ಮೂರು ವರ್ಷ ತಳ್ಳಿದಳು. ಅವನು ಬಗ್ಗಿ ಅವಳ ಬೂಟಿನ ಕೆಸರು ತೊಳೆದಾಗ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಕೊನೆಗೆ, ಬರೆದದ್ದನ್ನು ಬದಲಿಸಬಹುದೇ ಎಂದು ವಕೀಲನನ್ನು ಕೇಳಿದಳು. ರೋಂಡಾ ಒಪ್ಪಿದರೆ ಕೋರ್ಟಿನಲ್ಲಿ ಕೇಳಿ ನೋಡಬಹುದು ಎಂದ. ರೋಂಡಾ ಫೋನಿನಲ್ಲೇ ನಕ್ಕಳು.

"ಅಮ್ಮಾ, 'ನಾನೇ ಬಂದು ಕಾಲಿಗೆ ಬಿದ್ರೂ ಕೇಳ್ಬೇಡ ಕಣೇ' ಅಂದಿದ್ದು ಯಾರು?"

"ಅವನು ಬದಲಾಗಿದಾನೆ ಕಣೇ."

"ಇದು ಎಷ್ಟನೇ ಸಲ?"

ವರ್ನಾ ಫೋನ್ ಇಟ್ಟಳು.

ಮೇ ತಿಂಗಳಲ್ಲಿ ಎಲ್ಡನ್ ಟ್ರಕ್ಕಿನ ತುಂಬ ಓಕ್ ತೊಲೆ ತಂದಿಳಿಸಿ ದಕ್ಕೆಯ ಕೊಳೆತ ಮರ ಕೀಳತೊಡಗಿದ. ಆ ಕರಾವಳಿಯಲ್ಲಿ ದಕ್ಕೆಯಿಲ್ಲದವನಿಗೆ ಕಡಲೂ ಇಲ್ಲ. ಬೇರೆ ಕೊಲ್ಲಿಯಲ್ಲಿ ಬೋನು ಇಳಿಸಿದರೆ ಅಲ್ಲಿನವರು ಹಗ್ಗ ಕತ್ತರಿಸಿ ಬಿಸಾಡುತ್ತಾರೆ.

"ಇನ್ನು ನನ್ನ ಕಾಲಕ್ಕಂತೂ ಅಲ್ಲಾಡಲ್ಲಮ್ಮ," ಎಂದು ತೊಲೆಯ ಮೇಲೆ ಗುದ್ದಿ ತೋರಿಸಿದ.

"ನಿಲ್ಸು ಎಲ್ಡನ್. ಇದು ನಿಂದಾಗಲ್ಲ." ಎಲ್ಲವನ್ನೂ ಹೇಳಿದಳು.

ಅವನು ಸುತ್ತಿಗೆ ಕೆಳಗಿಟ್ಟ. "ನಾನು ಕುಡ್ದು ಬಿದ್ದಿದ್ದಾಗ ಬರೆದೆ. ಸರಿ. ನಿನ್ನ ಜಾಗದಲ್ಲಿ ನಾನಿದ್ರೂ ಬರೀತಿದ್ದೆ. ಆದ್ರೆ ಆಮೇಲೆ ಇಷ್ಟು ದಿನ ಒಂದೇ ದೋಣೀಲಿ ಇದ್ವಲ್ಲಮ್ಮ. ಬಾಯಿ ಬರ್ಲಿಲ್ವಾ?"

"ಹೇಳಿದ್ರೆ ಹೋಗ್ಬಿಡ್ತೀಯ ಅಂತ..."

"ಬಿಟ್ಟಿ ಆಳು ಹೋಗ್ತಾನೆ ಅಂತ ಅನ್ನು."

ಅದರಲ್ಲಿ ಅರ್ಧ ನಿಜವಿತ್ತು.

ಎಲ್ಡನ್ ತೊಲೆಗಳನ್ನು ಮತ್ತೆ ಟ್ರಕ್ಕಿಗೆ ಏರಿಸಲು ಹೊರಟ. ಒಬ್ಬನಿಂದ ಆಗುವ ಭಾರವಲ್ಲ. ಒಂದು ತುದಿ ಎತ್ತಿ ಹಿಡಿದು, ಅವಳ ಮುಖ ನೋಡದೆ ನಿಂತ.

"ಆ ಕಡೆ ಹಿಡ್ಕೋ."

ವರ್ನಾ ಬಗ್ಗಿ ಹಿಡಿದಳು.