ಬೆಳೆಯುವ ಕಾಲಿಗೊಂದು ಶಿನ್ ಗಾರ್ಡ್

ಕಳೆದ ಭಾನುವಾರ ಸಂಜೆ ಸೊರಬದ ಮೈದಾನದಲ್ಲಿ ನನ್ನ ಮಗಳ ಭವಿಷ್ಯ ನನ್ನ ಎರಡು ಕಣಕಾಲುಗಳ ಮೇಲೆ ನಿಂತಿತ್ತು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. (ಅಂದುಕೊಂಡರೂ ಬೇಜಾರಿಲ್ಲ. ಈ ಅಂಕಣ ಓದುವವರಿಗೆ ಅದು ಅಭ್ಯಾಸವಾಗಿರುತ್ತದೆ.) ಮೊಣಕಾಲಿನ ಕೆಳಗೆ, ಮುಂದುಗಡೆ ಒಂದು ಎಲುಬಿದೆಯಲ್ಲ, ಮಂಚದ ಕಾಲಿಗೆ ಬಡಿದಾಗ ಮಾತ್ರ ನೆನಪಾಗುವಂಥದ್ದು, ಅಲ್ಲಿ ಒಂದು ಗೀರು ಬಿದ್ದರೂ ಮಗಳು ಶಿಲ್ಪಾ ಶಿವಮೊಗ್ಗಕ್ಕೆ ಹೋಗುವಂತಿರಲಿಲ್ಲ. ಹಾಗಂತ ನಮ್ಮ ಮನೆಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟು ಅಂದರೆ ನಮ್ಮವ್ವ. ಅಪೀಲಿಗೆ ಅವಕಾಶವಿಲ್ಲ.

ವಿಷಯ ಇಷ್ಟೇ. ಒಂಬತ್ತನೇ ಕ್ಲಾಸಿನ ಶಿಲ್ಪಾ ತಾಲ್ಲೂಕಿನ ಹುಡುಗಿಯರ ಹಾಕಿ ಟೀಮಿಗೆ ಆಯ್ಕೆಯಾದಳು. ಜಿಲ್ಲಾ ಪಂದ್ಯ ಶಿವಮೊಗ್ಗದಲ್ಲಿ. ನಮ್ಮ ಕಡೆ ಹಾಕಿ ಅಂದರೆ ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ಬರುವ ಆಟ. ನಮ್ಮ ರಾಷ್ಟ್ರೀಯ ಆಟ ಯಾವುದು? ಹಾಕಿ. ಹಾಗೆ ಬರೆದು, ಒಂದು ಅಂಕ ತಗೊಂಡು, ಮನೆಗೆ ಓಡಿಬಂದು ಟಿವಿಯಲ್ಲಿ ಕ್ರಿಕೆಟ್ ನೋಡುವುದು ದೇಶಪ್ರೇಮ. ಅಂಥ ಆಟವನ್ನು ನಿಜವಾಗಿಯೂ ಆಡುತ್ತೇನೆ ಅಂತ ಒಬ್ಬಳು ಹುಡುಗಿ ಹೊರಟರೆ ಮನೆಯಲ್ಲಿ ಸುಮ್ಮನಿರುತ್ತಾರೆಯೇ?

"ಹೆಣ್ಣುಹುಡುಗಿ ಕಾಲಿಗೆ ಕಲೆ ಬಿದ್ರೆ ಯಾರು ಕಟ್ಕೊಂತಾರ?" ಎಂದಳು ಅವ್ವ. "ಗಂಡಿನ ಕಡೆಯೋರು ಬಂದ್ರೆ ನಡೆಸಿ ನೋಡ್ತಾರ."

"ಶಿನ್ ಗಾರ್ಡ್ ಹಾಕ್ಕೊಂಡ್ರೆ ಏನೂ ಆಗಲ್ಲ ಅಜ್ಜಿ. ಕಾಲಿಗೆ ಹೆಲ್ಮೆಟ್ ಇದ್ದಂಗೆ" ಎಂದಳು ಶಿಲ್ಪಾ.

"ಹಂಗಾದ್ರೆ ಮೊದ್ಲು ನಿಮ್ಮಪ್ಪ ಹಾಕ್ಕೊಂಡು ಆಡಿ ಬರ್ಲಿ. ಅವನ ಕಾಲು ನೋಡಿ ಆಮ್ಯಾಲೆ ಹೇಳ್ತೀನಿ."

"ನನ್ನ ಕಾಲೇ ಯಾಕವ್ವಾ?" ಎಂದೆ.

"ನಿನಗೆ ಮದುವಿ ಆಗೈತಲ್ಲೋ. ಇನ್ನು ನಿನ್ನ ಕಾಲು ಯಾರು ನೋಡ್ತಾರ?"

ನನ್ನಾಕೆ ಸೆರಗು ಬಾಯಿಗೆ ಹಿಡಿದು ಅಡುಗೆಮನೆಗೆ ಓಡಿದಳು. ಅದು ದುಃಖದಿಂದ ಅಂತ ಇವತ್ತಿಗೂ ಹೇಳುತ್ತಾಳೆ.

ಅವ್ವ ಈ ಮಾತನ್ನು ಸುಮ್ಮನೆ ಆಡಿರಲಿಲ್ಲ. ಆ ಭಾನುವಾರ ಶಿಕಾರಿಪುರದ ಹಳೆಯ ಆಟಗಾರರಿಗೂ ಸೊರಬದ ಹಳೆಯ ಆಟಗಾರರಿಗೂ ಒಂದು ಮ್ಯಾಚು ನಿಗದಿಯಾಗಿತ್ತು. ಕಾಲೇಜಿನಲ್ಲಿ ಸೆಂಟರ್ ಫಾರ್ವರ್ಡ್ ಆಗಿದ್ದ ನಾನು ಸ್ಟಿಕ್ಕು ಅಟ್ಟಕ್ಕೆ ಹಾಕಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆದರೂ ಹೆಸರು ಕೊಟ್ಟಿದ್ದೆ. ಹುಟ್ಟಿದ್ದು ಶಿಕಾರಿಪುರ, ಆಡುವುದು ಸೊರಬದ ಪರ. ವ್ಯಾಪಾರಸ್ಥರ ಊರಭಿಮಾನ ಅಂಗಡಿ ಇರುವ ಕಡೆಗೆ.

ನನ್ನದು ಬಟ್ಟೆ ಅಂಗಡಿ ಅಂತ ಹಳೆಯ ಓದುಗರಿಗೆ ಗೊತ್ತು. ಹೊಸಬರು ದಯವಿಟ್ಟು ಗಮನಿಸಿ. ಮುಂದೆ ಬೇಕಾಗುತ್ತದೆ.

ನಾವು ಆಡುತ್ತಿದ್ದ ಕಾಲದಲ್ಲಿ ಶಿನ್ ಗಾರ್ಡ್ ಎಲ್ಲಿತ್ತು? ಪೆಟ್ಟು ಬಿದ್ದರೆ ಅರಿಶಿನ ಸುಣ್ಣ, ಜಾಸ್ತಿ ಬಿದ್ದರೆ ಅಪ್ಪನ ಕೈಯಿಂದ ಇನ್ನೆರಡು. ಈಗ ಮಾತ್ರ ಗಾರ್ಡು ಕೊಳ್ಳಲೇಬೇಕು. ಶಿಕಾರಿಪುರಕ್ಕೆ ಹೊರಟವನನ್ನು ಶಿಲ್ಪಾ ಬಾಗಿಲಲ್ಲಿ ತಡೆದಳು.

"ಅಪ್ಪಾ, ಬೂಟು, ಸಾಕ್ಸು ತಗೊಂಡು ಹೋಗು. ಹಾಕ್ಕೊಂಡು ಕೂತು ಎದ್ದು ನೋಡು. ಮೊಣಕಾಲು ಮಡಚಿದ್ರೆ ತಾಗಬಾರದು, ಕೆಳಗೆ ಪಾದ ಬಾಗೋ ಕಡೆ ಒತ್ತಬಾರದು, ಕೈಯಲ್ಲಿ ಹಿಡಿದು ತಿರುಗಿಸಿದ್ರೆ ತಿರುಗಬಾರದು ಅಂತ ಪಿ.ಟಿ. ಸರ್ ಹೇಳಿದಾರೆ. ನಾನೂ ಬರ್ಲಾ?"

ನನಗೆ ನಗು ಬಂತು. ರಸ್ತೆಯಲ್ಲಿ ಹೋಗುವವನ ಬೆನ್ನು ನೋಡಿ ಬನಿಯನ್ ಸೈಜು ಹೇಳುವವನು ನಾನು. ಕೊರಳಲ್ಲಿ ಟೇಪು ನೇತಾಡದಿದ್ದರೆ ಊಟ ಸೇರದವನು. ನನಗೆ ಅಳತೆಯ ಪಾಠವೇ? ಬೂಟೂ ಇಲ್ಲ, ಸಾಕ್ಸೂ ಇಲ್ಲ, ಮಗಳೂ ಇಲ್ಲ. ಕೈಬೀಸಿಕೊಂಡು ಬಸ್ಸು ಹತ್ತಿದೆ.

ಶಿಕಾರಿಪುರದಲ್ಲಿ ಪುಸ್ತಕ, ಪೆನ್ನುಗಳ ಜೊತೆ ಆಟದ ಸಾಮಾನೂ ಮಾರುವ ರುದ್ರಪ್ಪ ನನಗೆ ಪರಿಚಯದವರು. ಅಂಗಡಿಯ ಮುಂದೆಲ್ಲ ಕ್ರಿಕೆಟ್ ಬ್ಯಾಟುಗಳ ತೋರಣ. ಹಾಕಿ ಅಂದಕೂಡಲೇ ಅವರು ಏಣಿ ತರಿಸಿದರು. ಅಟ್ಟದ ಮೂಲೆಯಿಂದ ಇಳಿದ ಪೆಟ್ಟಿಗೆಯ ಧೂಳು ಕೊಡವಿದಾಗ ಮೂರು ಜೊತೆ ಶಿನ್ ಗಾರ್ಡುಗಳು ಹೊರಬಂದವು. ಸಣ್ಣದು, ನಡುವಿನದು, ದೊಡ್ಡದು.

"ರೇಟು?"

"ಮೂರಕ್ಕೂ ಒಂದೇ ಯಜಮಾನ್ರೇ."

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಮೂರಕ್ಕೂ ಒಂದೇ ರೇಟು ಅಂತ ಹೇಳಿದ ಮೇಲೆ ನಮ್ಮ ಕಡೆಯ ಯಾವ ಮನುಷ್ಯ ದೊಡ್ಡದನ್ನು ಬಿಟ್ಟು ಬರುತ್ತಾನೆ? ಸಂತೆಯಲ್ಲಿ ಒಂದೇ ಬೆಲೆಯ ಕುಂಬಳಕಾಯಿ ರಾಶಿ ಹಾಕಿದ್ದರೆ ನೀವು ಯಾವುದಕ್ಕೆ ಕೈಹಾಕುತ್ತೀರಿ? ಮನೆಯಲ್ಲಿ ಇಬ್ಬರೇ ಇರಲಿ, ಒಬ್ಬರಿಗೆ ಕುಂಬಳಕಾಯಿ ಸೇರದೇ ಇರಲಿ, ತರುವುದು ಬಂಡಿಗಾಲಿಯಂಥದ್ದನ್ನೇ.

ಆದರೂ ನ್ಯಾಯವಾಗಿ ನಡುವಿನದನ್ನು ಮೊದಲು ಹಿಡಿದು ನೋಡಿದೆ. ಪ್ಯಾಂಟಿನ ಮೇಲೇ ನೋಡಿದೆ. (ಪಕ್ಕದಲ್ಲಿ ಇಬ್ಬರು ಟೀಚರಮ್ಮಂದಿರು ಡ್ರಾಯಿಂಗ್ ಶೀಟ್ ಕೊಳ್ಳುತ್ತಿದ್ದರು. ನಲವತ್ತು ದಾಟಿದ ಗೃಹಸ್ಥ ಅಂಗಡಿಯಲ್ಲಿ ನಿಂತು ಪ್ಯಾಂಟು ಮೇಲೇರಿಸುವುದು ಶೋಭೆಯೇ?) ಅದು ಕಾಲಿಗೆ ಬಂದು ಸುಮ್ಮನೆ ಕೂತುಬಿಟ್ಟಿತು. ಕೂತದ್ದೇ ಅನುಮಾನ ಹುಟ್ಟಿಸಿತು. ಕೊಟ್ಟ ದುಡ್ಡಿಗೆ ಇಷ್ಟೇ ಇಷ್ಟು ಬಂದರೆ ಲಾಭವೇನು? ದೊಡ್ಡದನ್ನು ಹಿಡಿದೆ. ಮೊಣಕಾಲನ್ನೂ ಮುಚ್ಚಿ ಇನ್ನೂ ಮೇಲಕ್ಕೆ ಇಣುಕುತ್ತಿತ್ತು. ಘನವಾಗಿತ್ತು. ಕೋಟೆ ಬಾಗಿಲಿನ ಹಾಗಿತ್ತು.

ರುದ್ರಪ್ಪ ನನ್ನ ಮುಖ ನೋಡಿ ಹೇಳಿದರು: "ದೊಡ್ಡದೇ ಇರ್ಲಿ ಬಿಡ್ರಿ. ನಾಳೆ ಮಕ್ಳಿಗೂ ಬರ್ತದೆ."

ಆಹಾ, ಆ ಮಾತು! ಪ್ರತಿ ಜೂನ್ ತಿಂಗಳು, ಶಾಲೆಯ ಯೂನಿಫಾರಂ ಕೊಳ್ಳಲು ಬರುವ ಪ್ರತಿ ತಾಯಿಗೂ ನಾನು ಹೇಳುವ ಮಾತು ಅದು. "ಒಂದ್ ಸೈಜ್ ದೊಡ್ಡದೇ ಇರ್ಲಿ ತಾಯಿ, ಬೆಳೆಯೋ ಮಕ್ಳು." ಆ ಮಾತಿನ ಪುಣ್ಯದಿಂದ ತಾಲ್ಲೂಕಿನ ಅರ್ಧ ಮಕ್ಕಳನ್ನು ಅವರವರ ಅಂಗಿಯೊಳಗೆ ಹುಡುಕಬೇಕು. ಅಂಗಿ ಮೈಗೆ ಸರಿಯಾಗುವ ಹೊತ್ತಿಗೆ ಮೊಣಕೈ ಹರಿದಿರುತ್ತದೆ. ಇಷ್ಟು ವರ್ಷ ಮಾರಿಕೊಂಡು ಬಂದ ಮಾತನ್ನು ಅವತ್ತು ನಾನೇ ಕೊಂಡುಕೊಂಡೆ. ಚೌಕಾಸಿಯೂ ಮಾಡಲಿಲ್ಲ.

ಮನೆಯಲ್ಲಿ ಪೊಟ್ಟಣ ಬಿಚ್ಚಿದ ಶಿಲ್ಪಾ ಕೇಳಿದಳು: "ಇದು ಯಾರಿಗಪ್ಪಾ?"

"ನನಗೇ."

"ಹಾಕ್ಕೊಂಡು ನೋಡಿದ್ಯಾ?"

"ನೋಡಿದೆ." (ಪ್ಯಾಂಟಿನ ಮೇಲೆ ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.)

"ಬದಲಾಯಿಸ್ಕೊಂಡು ಬಾ ಅಪ್ಪಾ. ನನ್ನಾಣೆ." ಅವಳ ದನಿ ಸಣ್ಣಗಾಗಿತ್ತು.

ಮ್ಯಾಚು ಮಾರನೆಯ ದಿನವೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಒಬ್ಬ ವ್ಯಾಪಾರಿ ಇನ್ನೊಬ್ಬ ವ್ಯಾಪಾರಿಯ ಅಂಗಡಿಗೆ ಹೋಗಿ "ಸೈಜು ತಪ್ಪಿತು" ಅಂತ ಹೇಳುವುದೇ? ವಂಶದ ಮಾನ ಏನಾಗಬೇಕು?

ಭಾನುವಾರ ಉಳವಿ ಬಸ್ಸು ತಡವಾಗಿ ಬಂತು. ನಮ್ಮ ಗೋಲ್‌ಕೀಪರ್ ಅದರಲ್ಲಿದ್ದ. ಆ ಬಿಡುವಿನಲ್ಲಿ ಗಾರ್ಡು ಕಟ್ಟಿಕೊಂಡು ನೋಡಿದರೆ ಒಳಗೆ ಇನ್ನೊಂದು ಕಾಲಿಗೆ ಜಾಗವಿತ್ತು. ಹೆದರಲಿಲ್ಲ. ಮಕ್ಕಳ ಬೂಟು ದೊಡ್ಡದಾದರೆ ತುದಿಗೆ ಹತ್ತಿ ತುರುಕುವ ವಂಶ ನಮ್ಮದು. ಹತ್ತಿ ಇರಲಿಲ್ಲ, ಚೀಲದಲ್ಲಿ ಪೇಪರಿತ್ತು. ನೋಡಿದರೆ ಇದೇ ಅಂಕಣ ಇದ್ದ ಪುಟ. ಮಡಚಿ ತುರುಕಿದೆ. ಓದುಗರಿಗೆ ಆಗದಿದ್ದರೂ ಬರೆದವನಿಗಾದರೂ ಉಪಯೋಗಕ್ಕೆ ಬರಲಿ.

ಆಟ ಶುರುವಾಯಿತು. ಹಾಕಿಯಲ್ಲಿ ಬಗ್ಗಬೇಕು. ನಾನು ಬಗ್ಗಿದರೆ ಗಾರ್ಡಿನ ಮೇಲಂಚು ತೊಡೆಗೆ ತಿವಿದು "ನೆಟ್ಟಗೆ ನಿಲ್ಲು" ಎನ್ನುತ್ತಿತ್ತು. ಬಗ್ಗದೆ ಆಡುವ ಹಾಕಿಯನ್ನು ಭಾರತಕ್ಕೆ ನಾನು ಪರಿಚಯಿಸಿದೆ. ಓಡಿದರೆ ಇನ್ನೊಂದು ಪವಾಡ. ಗಾರ್ಡುಗಳೆರಡೂ ನಿಧಾನಕ್ಕೆ ಪ್ರದಕ್ಷಿಣೆ ಹಾಕಿ ಹಿಂದಕ್ಕೆ ಹೋಗಿ ನಿಂತವು. ಮೀನಖಂಡಕ್ಕೆ ಬ್ಲ್ಯಾಕ್ ಕ್ಯಾಟ್ ಕಮಾಂಡೊ ಭದ್ರತೆ. ಮುಂದಿನ ಎಲುಬು ಮಾತ್ರ ಈ ದೇಶದ ಜನಸಾಮಾನ್ಯನ ಹಾಗೆ, ದೇವರೇ ಗತಿ.

ಶಿಕಾರಿಪುರದ ಫುಲ್ ಬ್ಯಾಕ್ ಗದಿಗೆಪ್ಪ ನನ್ನ ಕಾಲೇಜಿನ ಗೆಳೆಯ. ಈಗ ಜೋಳದ ವ್ಯಾಪಾರಿ. ಜೋಳದ ಚೀಲವೊಂದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತಾನೆ.

"ಏನ್ಲೇ ಬಟ್ಟೆ ಅಂಗಡಿ," ಎಂದ ಅವನು ನನ್ನ ಕಾಲು ನೋಡಿ, "ಹಿಂದಿಂದ ನಾಯಿ ಕಚ್ಚತೈತಿ ಅಂತ ಕಟ್ಕೊಂಡೀ ಏನು?"

ನಾನು ಉತ್ತರ ಯೋಚಿಸುತ್ತಿದ್ದೆ. (ಒಳ್ಳೆಯ ಉತ್ತರ ಈಗ ಹೊಳೆದಿದೆ, ಬಿಡಿ.) ಅಷ್ಟರಲ್ಲಿ ಚೆಂಡು ನಮ್ಮಿಬ್ಬರ ನಡುವೆ ಬಂತು. ಗದಿಗೆಪ್ಪ ಚೆಂಡಿಗೆ ಅಂತಲೇ ಬೀಸಿದ. ಠಕ್ಕೆಂದಿತು. ಗೋಲ್ ಪೋಸ್ಟಿಗೆ ಚೆಂಡು ಬಡಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಬಡಿದದ್ದು ನನ್ನ ಎಲುಬಿಗೆ. ಬೆವರಿಗೆ ಅಂಟಿಕೊಂಡಿದ್ದ ಪೇಪರು ಮಾತ್ರ ಜಾಗ ಬಿಟ್ಟಿರಲಿಲ್ಲ. ಅಂದರೆ ಗದಿಗೆಪ್ಪನ ಸ್ಟಿಕ್ಕಿಗೂ ನನ್ನ ಎಲುಬಿಗೂ ನಡುವೆ ಇದ್ದದ್ದು ನನ್ನ ಅಂಕಣವೊಂದೇ. ಅದರ ಶಕ್ತಿ ಎಷ್ಟು ಅಂತ ಅವತ್ತು ಗೊತ್ತಾಯಿತು.

"ಅಪ್ಪಾ, ಕಾಲು!" ಅಂತ ಗೆರೆಯಾಚೆಯಿಂದ ಶಿಲ್ಪಾ ಕೂಗಿದಳು. ತಿರುಗಿ ನೋಡಿದೆ. ಅಷ್ಟು ಹೊತ್ತು ನಗುತ್ತಿದ್ದ ಹುಡುಗಿ, ಶಿವಮೊಗ್ಗದ ಬಸ್ಸು ತನ್ನನ್ನು ಬಿಟ್ಟು ಕಣ್ಣೆದುರೇ ಹೊರಟುಹೋದಂತೆ ನಿಂತಿದ್ದಳು. ಪೆಟ್ಟಿಗಿಂತ ಅದು ಜಾಸ್ತಿ ನೋಯಿತು.

ಸೋತೆವು. ಎಷ್ಟಕ್ಕೆ ಅಂತ ಕೇಳಬೇಡಿ.

ಮನೆಯ ದಾರಿಯಲ್ಲಿ ಅವಳು ನನ್ನ ಸ್ಟಿಕ್ಕು, ಚೀಲ ಎರಡನ್ನೂ ಹೊತ್ತುಕೊಂಡಳು. ಆಮೇಲೆ, "ನೋವಾಯ್ತಾ ಅಪ್ಪಾ?" ಎಂದಳು. ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಅಜ್ಜಿಗೆ ಗೊತ್ತಾಗೋದು ಬೇಡ" ಎಂದಳು.

ಅಂಗಡಿಯ ಬೀಗ ತೆಗೆದು, ಗಾರ್ಡು ಬಿಚ್ಚಿ ಅವಳ ಕೈಗೆ ಕೊಟ್ಟು, ಹೊಸ ಪಂಚೆಯೊಂದನ್ನು ನೆಲ ಮುಟ್ಟುವಂತೆ ಉಟ್ಟುಕೊಂಡೆ. ಪಂಚೆ ದೊಡ್ಡ ವಸ್ತು. ಸೈಜಿನ ರಗಳೆಯೇ ಇಲ್ಲ. ರಾಜಕಾರಣಿಗಳು ಯಾಕೆ ಅದನ್ನು ಇಷ್ಟಪಡುತ್ತಾರೆ ಅಂತ ಆಗ ಅರ್ಥವಾಯಿತು. ಎಷ್ಟೋ ಮುಚ್ಚುತ್ತದೆ.

ಎಲ್ಲ ಯೋಚಿಸಿದ್ದೆವು. ಒಂದನ್ನು ಬಿಟ್ಟು. ನಮ್ಮ ಮನೆಗೆ ಹೊರಗಿನಿಂದ ಬಂದವರು, ಮಂತ್ರಿಯೇ ಆಗಿರಲಿ, ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ. ಜಗಲಿಯ ಕೆಳಗೆ ಬಿಸಿನೀರಿನ ಬಕೀಟು ಕಾದಿತ್ತು. ಬಕೀಟಿನ ಪಕ್ಕ ಅವ್ವ ಕಾದಿದ್ದಳು.

ಪಂಚೆ ಎತ್ತದೆ ಬೆರಳ ತುದಿಗೆ ನೀರು ತೋರಿಸಿದೆ.

"ಬೆಕ್ಕಿನಂಗ ಬೆರಳು ಅದ್ದಿದ್ರೆ ಆತೇನು? ಪಂಚಿ ಎತ್ತಲೇ."

ಎತ್ತಿದೆ. ಕಣಕಾಲಿನ ತುಂಬ ಕರಿಮಸಿ. ಕಳೆದ ವಾರದ ಅಂಕಣ ಉಲ್ಟಾ ಅಚ್ಚಾಗಿ ಕೂತಿತ್ತು.

"ಇದೇನೋ ಇಷ್ಟು ಕರ್ರಗ?"

"ಪೇಪರಿನ ಮಸಿ ಅವ್ವಾ, ಪೆಟ್ಟಲ್ಲ" ಎಂದೆ ಅವಸರವಾಗಿ. ಶಿಲ್ಪಾಳ ಮುಖದಲ್ಲಿ ಆಸೆಯ ಎಳೆಯೊಂದು ಕಂಡಿತು.

ಅವ್ವ ಸೆರಗಿನ ತುದಿ ಬಿಸಿನೀರಿಗೆ ಅದ್ದಿ ತಿಕ್ಕಿದಳು. ಅಕ್ಷರಗಳು ಒಂದೊಂದಾಗಿ ಹೋದವು. ಕೆಳಗೆ ಇನ್ನೊಂದು ಬಣ್ಣ ಇತ್ತು. ನೀಲಿ. ನಿಂಬೆಹಣ್ಣಿನಷ್ಟು ಉಬ್ಬು. ಅದು ತೊಳೆದರೆ ಹೋಗುವಂಥದ್ದಲ್ಲ.

ಅವ್ವ ಬಾಯಿ ತೆರೆಯುವ ಮೊದಲೇ ಶಿಲ್ಪಾ ಚೀಲದಿಂದ ಗಾರ್ಡು ತೆಗೆದು ಅಜ್ಜಿಯ ಮುಂದೆ ಇಟ್ಟಳು. "ಗಾರ್ಡಿನ ತಪ್ಪಲ್ಲ ಅಜ್ಜಿ. ಇದು ಅಪ್ಪನ ಕಾಲಿಗೆ ಆಗೋದೇ ಇಲ್ಲ. ನೀನೇ ನೋಡು." ಅಷ್ಟು ಹೇಳಿ ಅತ್ತಳು.

ಅವ್ವ ಅದನ್ನು ಎತ್ತಿ ನನ್ನ ಕಾಲಿಗೆ ಹಿಡಿದು ನೋಡಿದಳು. ನನ್ನನ್ನೂ ನೋಡಿದಳು.

"ಅಳತಿ ನೋಡಿದ್ದೇನು?"

"...ಇಲ್ಲ."

"ರೇಟು ಕೇಳಿದ್ದೇನು?"

"ಕೇಳಿದ್ದೆ."

"ನಿಮ್ಮಪ್ಪನೂ ಹಿಂಗೇ," ಎಂದಳು ಅವ್ವ. "ಮದುವಿಯಾದ ಹೊಸದರಾಗ ಬಂಗಾರದ ಬಳಿ ತಂದ್ರು. ನನ್ನ ಕೈ ಅಳತಿ ಕೇಳಲಿಲ್ಲ. ‘ಮುಂದ ದಪ್ಪ ಆಗ್ತೀಯ, ದೊಡ್ಡದೇ ಇರ್ಲಿ’ ಅಂದ್ರು. ನೀರು ಸೇದಾಗ ಜಾರಿ ಬಾವಿಗೆ ಬಿತ್ತು. ಬಳಿ ಉಳಿಸ್ಕೊಳ್ಳಾಕ ಬರಲಿಲ್ಲ ಅಂತ ಮನಿಮಂದಿಯೆಲ್ಲ ನನ್ನೇ ಬೈದ್ರು. ಆಮ್ಯಾಲೆ ದಪ್ಪ ಆದೆ. ಆಗ ಬಳಿ ಎಲ್ಲಿತ್ತು?"

ಅವ್ವ ಗಾರ್ಡನ್ನು ಪಕ್ಕಕ್ಕಿಟ್ಟಳು.

"ಶಿಲ್ಪಾ, ದಾರ ತಾ."

ಕಾಲ್ಗೆಜ್ಜೆ ಮಾಡಿಸಲು ಅಕ್ಕಸಾಲಿಗರಿಗೆ ಅಳತೆ ಕಳಿಸುವುದಿಲ್ಲವೇ, ಹಾಗೆ. ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿ, ಬೂಟು ಹಾಕಿಸಿ, ಮೊಣಕಾಲು ಮಡಚಿಸಿ, ಉದ್ದಕ್ಕೊಂದು ದಾರ, ಸುತ್ತಳತೆಗೊಂದು ದಾರ ಹಿಡಿದು ಅವ್ವ ಗಂಟು ಹಾಕಿದಳು. ನನ್ನ ಟೇಪು ಕೊಡಲು ಹೋದೆ. ಯಾರೂ ತಗೊಳ್ಳಲಿಲ್ಲ.

"ಅಂದ್ರೆ ಶಿವಮೊಗ್ಗಕ್ಕೆ ಹೋಗ್ಬಹುದಾ ಅತ್ತೆ?" ಎಂದಳು ನನ್ನಾಕೆ.

"ಹೋಗ್ಲಿ. ಅಂಗಡಿಗೆ ಇವನು ಹೋಗೋದು ಬ್ಯಾಡ."

ನಾನು ಸುಮ್ಮನಿರಬೇಕಿತ್ತು. "ಅಲ್ಲವ್ವಾ, ಗಂಡಿನ ಕಡೆಯವರು ನಡೆಸಿ ನೋಡ್ತಾರೆ ಅಂದಿದ್ದೆ?"

"ನೋಡ್ಲಿ. ಓಡಿಸಿ ಬೇಕಾದ್ರೂ ನೋಡ್ಲಿ."

ಸೋಮವಾರ ಅಜ್ಜಿ, ಮೊಮ್ಮಗಳು ಬೂಟಿನ ಚೀಲ ಹಿಡಿದು ಶಿಕಾರಿಪುರಕ್ಕೆ ಹೋದರು. ಶಿಲ್ಪಾ ಅಂಗಡಿಯಲ್ಲಿ ಕೂತಳಂತೆ, ಎದ್ದಳಂತೆ, ರಸ್ತೆಗಿಳಿದು ಓಡಿಯೂ ನೋಡಿದಳಂತೆ. ಸಣ್ಣದು ಅವಳ ಕಾಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತಂತೆ. ರುದ್ರಪ್ಪ ಸೌಜನ್ಯಕ್ಕೆ ಕೇಳಿದರಂತೆ, "ಯಜಮಾನ್ರು ಒಯ್ದ ದೊಡ್ಡದು ಸರಿಹೋಯ್ತಾ ಅಮ್ಮಾರೇ?" ಅಂತ.

"ಇನ್ನೂ ಇಲ್ಲ," ಎಂದಳಂತೆ ಅವ್ವ. "ಕಾಲು ನಿನ್ನೆಯಿಂದ ಬಾತ್ಕೊಂತಾ ಐತಿ. ನಾಳೆ ನಾಡಿದ್ದು ಸರಿಹೋದೀತು."

ನಿನ್ನೆ ಬೆಳಿಗ್ಗೆ ಶಿಲ್ಪಾ ಶಿವಮೊಗ್ಗದ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದ್ದು ನನಗೋ, ನನ್ನ ಹಿಂದೆ ನಿಂತಿದ್ದ ಅಜ್ಜಿಗೋ ಗೊತ್ತಾಗಲಿಲ್ಲ. ನನಗೆ ಅಂತಲೇ ಇಟ್ಟುಕೊಂಡಿದ್ದೇನೆ.

ಅವಳನ್ನು ಕಳಿಸಿ ಅವ್ವ ನನ್ನ ಜೊತೆ ಅಂಗಡಿಗೆ ಬಂದು ಕೂತಳು. ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಯೂನಿಫಾರಂ ಕೊಳ್ಳಲು ಬಂದರು. ಹುಡುಗಿಗೆ ಒಂದು ಲಂಗ ಹಿಡಿದು ನೋಡಿದೆ. ಸರಿಯಾಗಿ ಕೂತಿತು. ಆದರೂ ಅಭ್ಯಾಸ ನೋಡಿ, ಕೈ ತಾನಾಗಿ ಮೇಲಿನ ಕಪಾಟಿಗೆ ಹೋಯಿತು. "ಒಂದ್ ಸೈಜ್ ದೊಡ್ಡದೇ..." ಅಂತ ಬಾಯಿ ತೆರೆದೆ.

ಮೂಲೆಯಿಂದ ಅವ್ವ ಕೆಮ್ಮಿದಳು. "ಏನ್ಲೇ, ಕಾಲು ಹೆಂಗೈತಿ?"