ಪೊಟ್ಟಣದ ಬೆನ್ನು

ಸೊಲ್ಲಾಪುರದ ಕಿರಾಣಿ ಅಂಗಡಿಗಳಲ್ಲಿ ಪೊಟ್ಟಣದ ಮುಖ ನೋಡದೆ ಬೆನ್ನು ಮಾತ್ರ ನೋಡುವ ಗಿರಾಕಿ ಯಾರೆಂದರೆ ನಿವೃತ್ತ ಕಾರಕೂನ ರೇವಣಸಿದ್ಧಪ್ಪ ಹತ್ತೂರೆ. ಹೆಂಡತಿ ಸುಗಲಾಬಾಯಿಯ ಮೈಮೇಲೆ ಏಳುವ ದದ್ದಿಗೆ ಕಾರಣ ಸಿಗುವವರೆಗೆ ಗೋಧಿ, ಹಾಲು, ಶೇಂಗಾ ಎಲ್ಲ ಬಿಟ್ಟು ನೋಡಬೇಕೆಂದು ಡಾಕ್ಟರು ಹೇಳಿದಂದಿನಿಂದ ಭೂತಗನ್ನಡಿ ಅವರ ಜೇಬು ಬಿಟ್ಟಿಲ್ಲ. ಶೇಂಗಾ ಚಟ್ನಿಗೇ ಹೆಸರಾದ ಈ ಊರಿನಲ್ಲಿ ನಿಂತು ಶೇಂಗಾ ಇಲ್ಲದ ಚಟ್ನಿ ಕೇಳುವ ಧೈರ್ಯವೂ ಅವರೊಬ್ಬರದೇ. "ಇಂಗಿನ್ಯಾಗ ಗೋಧಿ ಹಿಟ್ಟು ಕೂಡಿಸ್ಯಾರ, ನೋಡಿಲ್ಲಿ!" ಎಂದು ಕಳ್ಳನನ್ನು ಹಿಡಿದವರಂತೆ ಕೂಗುತ್ತಾರೆ. "ಕಾಕಾ, ಉಪ್ಪಾದ್ರೂ ಒಯ್ರಿ, ಅದರಾಗ ಉಪ್ಪಷ್ಟೇ ಐತಿ," ಎನ್ನುತ್ತಾನೆ ಅಂಗಡಿಯ ವೀರೇಶ. ಅವರು ಅದರ ಬೆನ್ನನ್ನೂ ಓದುತ್ತಾರೆ. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಗುರುವಾರ ತಪ್ಪದೆ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಹೋಗಿ ಹಾಲಿನ ಪೇಡೆಯ ಪ್ರಸಾದ ತರುತ್ತಾರೆ. ಪ್ರಸಾದಕ್ಕೆ ಓದಲು ಬೆನ್ನಿಲ್ಲ, ಅದನ್ನು ಬೇಡವೆನ್ನುವಂತೆಯೂ ಇಲ್ಲ. ಸುಗಲಾಬಾಯಿ ಕೈಯೊಡ್ಡಿದರೆ ಪೇಡೆಯನ್ನು ಆಕೆಯ ಹಣೆಗೆ ಮುಟ್ಟಿಸಿ, "ನಿಂದೂ ನಾನ ತಿಂತೀನಿ, ಪುಣ್ಯ ನಿನಗ ಇರ್ಲಿ," ಎಂದು ಎರಡು ಪಾಲನ್ನೂ ಬಾಯಿಗೆ ಹಾಕಿಕೊಳ್ಳುತ್ತಾರೆ. "ಶುಗರ್ ಇರೂದು ನಿಮಗ್ರೀ, ನನಗಲ್ಲ!" ಎಂದು ಆಕೆ ವಾರವಾರವೂ ಒದರುತ್ತಾರೆ. ಅದು ಯಾವ ಪೊಟ್ಟಣದ ಬೆನ್ನ ಮೇಲೂ ಬರೆದಿಲ್ಲವಾದ್ದರಿಂದ ಅವರ ಗಮನಕ್ಕೆ ಬಂದಂತಿಲ್ಲ.